ಸುಭಾನ್ ಸಾಹೇಬರ ಹಳದಿ ಕಾರ್ಡು

ಹೊಸದುರ್ಗದ ಬಸ್‌ಸ್ಟ್ಯಾಂಡಿನ ಎದುರು ಫೋಟೋ ಸ್ಟುಡಿಯೋ ಇಟ್ಟಿರುವ ಸುಭಾನ್ ಸಾಹೇಬರ ಹತ್ತಿರ ನೀವು ಹಾಲ್‌ಟಿಕೆಟ್ಟಿನ ಫೋಟೋಕ್ಕೆ ಹೋದರೂ ಆಫ್ರಿಕಾದ ಸಫಾರಿಗೆ ತಯಾರಾಗಿಯೇ ಹೊರಗೆ ಬರುತ್ತೀರಿ. "ಕುಂತ್ಕಳ್ರಿ, ಅಲ್ಲಾಡಬ್ಯಾಡ್ರಿ, ಅಲ್ಲಿ ಜೀಪಿನಾಗೂ ಹಿಂಗೇ ಇರಬೇಕು" ಅನ್ನುತ್ತಲೇ ಕ್ಯಾಮೆರಾ ಹಿಡಿಯುತ್ತಾರೆ. ನೀವು ನೀಲಿ ಅಂಗಿ ತೊಟ್ಟಿದ್ದರೆ ಅವರಿಗೆ ಸಂಕಟ. ಆ ಬಣ್ಣಕ್ಕೆ ಅಲ್ಲಿನ ಕಚ್ಚುವ ನೊಣಗಳು ಮುತ್ತುತ್ತವಂತೆ, ಮಣ್ಣಿನ ಬಣ್ಣದ್ದೇ ಆಗಬೇಕಂತೆ. ಗಟ್ಟಿ ಸೂಟ್‌ಕೇಸು ಅಲ್ಲಿ ಕಾಡಿಗೆ ಕರೆದೊಯ್ಯುವ ಸಣ್ಣ ವಿಮಾನದಲ್ಲಿ ಹಿಡಿಯುವುದಿಲ್ಲ, ಮೆತ್ತನೆಯ ಬ್ಯಾಗೇ ಬೇಕು. ಹುಲ್ಲು ಒಣಗಿದ ಕಾಲದಲ್ಲಿ ಹೋದರೆ ಪ್ರಾಣಿಗಳು ನೀರಿಗೆ ಬಂದೇ ಬರುತ್ತವೆ. ಶ್ರೀರಾಂಪುರದ ಬಸ್ಸಿಗೆ ಓಡುತ್ತಿರುವವರನ್ನೂ ಬಾಗಿಲಲ್ಲಿ ತಡೆದು, "ಹಳದಿ ಜ್ವರದ ಸೂಜಿ ಹತ್ತು ದಿನ ಮುಂಚೇನೇ ಹಾಕಿಸ್ಕಳ್ರಿ, ಮರೀಬ್ಯಾಡ್ರಿ" ಅನ್ನುತ್ತಾರೆ. ಶುಕ್ರವಾರದ ನಮಾಜು ಮುಗಿಸಿ ಮಾರಿಕಣಿವೆಯ ಹಿನ್ನೀರಿಗೆ ಹೋಗಿ, ದುರ್ಬೀನು ಹಿಡಿದು, ಒಂದು ತಾಸು ಮಿಸುಕಾಡದೆ ಎಮ್ಮೆಗಳನ್ನು ನೋಡುತ್ತಾರೆ; ಅದು ಸಫಾರಿಗೆ ಅಭ್ಯಾಸವಂತೆ. "ಇವರು ಕಂಡಿರೋ ಆಫ್ರಿಕಾ ಎಲ್ಲಾ ಪುಸ್ತಕದಾಗೇ ಐತೆ ಕಣ್ರಿ" ಎಂದು ಫೋಟೋ ಕತ್ತರಿಸುತ್ತಾ ಹೆಂಡತಿ ಸುಗ್ರಾ ಬೀ ನಗುತ್ತಾರೆ. ತೊಂಬತ್ತಮೂರರಲ್ಲಿ ಸಾಹೇಬರು ಬೆಂಗಳೂರಿಗೆ ಹೋಗಿ ಆ ಸೂಜಿ ಹಾಕಿಸಿಕೊಂಡು ಬಂದಿದ್ದರು. ಸೂಜಿ ಹಾಕಿಸಿದ್ದಕ್ಕೆ ಗುರುತಾಗಿ ಕೊಟ್ಟ ಹಳದಿ ಕಾರ್ಡು ಆಗ ಹತ್ತು ವರ್ಷಕ್ಕೆ ಮಾತ್ರ ನಡೆಯುವಂಥದ್ದು. ಹತ್ತು ವರ್ಷವೂ ಅದು ಡ್ರಾಯರಿನಲ್ಲೇ ಇದ್ದು ಅವಧಿ ಮುಗಿಯಿತು. ಮೊನ್ನೆ ನಾನು ಫೋಟೋಕ್ಕೆ ಹೋದಾಗ ಸಾಹೇಬರು ಎಡತೋಳು ನೀವಿಕೊಳ್ಳುತ್ತಾ ಹೊಸ ಕಾರ್ಡು ತೆಗೆದು ತೋರಿಸಿದರು. ಪಕ್ಕದಲ್ಲಿ ಕತ್ತರಿ ಕೆಳಗಿಟ್ಟು ಸುಗ್ರಾ ಬೀ ಕೂಡ ತೋಳು ನೀವಿಕೊಳ್ಳುತ್ತಿದ್ದರು.