ತಮಟೆಗೆ ನೀರು ಸುರಿದ ಗೆಳತಿ

ಬಾಪೂಜಿ ನಗರದ ಮೈದಾನದ ಮೂಲೆಯಲ್ಲಿ ರದ್ದಿ ಪೇಪರಿಗೆ ಬೆಂಕಿ ಹಚ್ಚಿ ನನ್ನ ತಮಟೆಯನ್ನು ಕಾಯಿಸುತ್ತಿದ್ದೆ. ಕಾದರೆ ತಾನೇ ಚರ್ಮ ಬಿಗಿಯಾಗಿ ನಾದ ಏಳುವುದು? ಜರ್ಮನಿಯಿಂದ ಬಂದಿದ್ದ ಡ್ರಮ್ಮರ್ ಹುಡುಗಿ ಹನ್ನಾ ಕಿರುಚುತ್ತಾ ಓಡಿ ಬಂದವಳೇ ಬಾಟಲಿಯ ನೀರನ್ನೆಲ್ಲ ಅದರ ಮೇಲೆ ಸುರಿದುಬಿಟ್ಟಳು. ವಾದ್ಯಕ್ಕೆ ಬೆಂಕಿ ಬಿದ್ದಿದೆ ಎಂದುಕೊಂಡಿದ್ದಳು, ಪಾಪ!

ನಮ್ಮ ಬೀದಿಯ ಹುಡುಗಿಯರೂ ಹನ್ನಾಳ ತಂಡದವರೂ ಸೇರಿ ನುಡಿಸುವ ಕಾರ್ಯಕ್ರಮ ಇನ್ನೇನು ಶುರುವಾಗಬೇಕು. ಚೆನ್ನಾಗಿ ನುಡಿಸಿದರೆ ನಮ್ಮನ್ನು ಅವರ ಊರಿಗೆ ಕರೆಸಿಕೊಳ್ಳುವ ಮಾತಿತ್ತು. ನೆಂದ ತಮಟೆ ಬಡಿದರೆ ರಟ್ಟಿನ ಡಬ್ಬ ತಟ್ಟಿದ ಹಾಗಿತ್ತು. ನನಗೆ ಅಳುವೇ ಬಂತು.

ಜೀವನವಿಡೀ ಸಾವಿನ ಮನೆಗಳ ಮುಂದೆ ತಮಟೆ ಬಾರಿಸಿದ ಅಪ್ಪ ಮಾತ್ರ ನಕ್ಕುಬಿಟ್ಟರು. "ಅಳ್ಬೇಡ ಕಣೇ, ಒಣಗುತ್ತೆ. ಆ ಮಗೂನೂ ಪಕ್ಕದಲ್ಲಿ ಕೂರಿಸ್ಕೋ, ಕಾಯಿಸೋದು ಕಲೀಲಿ."

ಹನ್ನಾ ಹೊಗೆಗೆ ಕಣ್ಣೊರೆಸಿಕೊಳ್ಳುತ್ತಲೇ ನನ್ನ ಜೊತೆ ತಮಟೆಯನ್ನು ತಿರುಗಿಸಿ ತಿರುಗಿಸಿ ಕಾಯಿಸಿದಳು. ಅಪ್ಪ ಬೆರಳಿನಿಂದ ತಟ್ಟಿದರು. ಟಣ್ ಎಂದಿತು! ಆಮೇಲೆ ವೇದಿಕೆಯಲ್ಲಿ ಅವರ ಡ್ರಮ್ಮುಗಳೆಲ್ಲ ನಮ್ಮ ಪೆಟ್ಟಿನ ಹಿಂದೆಯೇ ಓಡಿ ಬಂದವು. ಸಾವಿನ ವಾದ್ಯ ಎಂದು ಮೂಗು ಮುರಿಯುತ್ತಿದ್ದ ಎದುರು ಮನೆಯ ಆಂಟಿ, ಸೆರಗು ಸಿಕ್ಕಿಸಿಕೊಂಡು ಕುಣಿದರು.

ಮುಂದಿನ ತಿಂಗಳು ನಾವು ಹೊರಟಿದ್ದೇವೆ. ಅಲ್ಲಿನ ಸಭಾಂಗಣದ ಅಂಗಳದಲ್ಲಿ ಬೆಂಕಿ ಹಾಕಲು ಅನುಮತಿ ಸಿಕ್ಕಿತೆಂದು ಹನ್ನಾ ಮೆಸೇಜ್ ಮಾಡಿದ್ದಾಳೆ. ಬಸ್ಸಿನಲ್ಲಿ ಯಾರಿಗೂ ಕಾಣದಿರಲೆಂದು ನಾನು ತಮಟೆಗೆ ಹೊದಿಸುತ್ತಿದ್ದ ಚೀಲದಲ್ಲಿ ಅಮ್ಮ ಈಗ ಮಾರ್ಕೆಟ್ಟಿನಿಂದ ಈರುಳ್ಳಿ ತರುತ್ತಾರೆ.