ನಲವತ್ತು ಸಂತೆಯ ಲೆಕ್ಕ

ಇದು ನಡೆದದ್ದು 1993ರ ಜನವರಿ ಕೊನೆಯ ವಾರ. ಆಗ ನನಗೆ ಇಪ್ಪತ್ತಮೂರು ವರ್ಷ. ರಾಯಚೂರಿನಲ್ಲಿ ಆರು ತಿಂಗಳು ಕಂಪ್ಯೂಟರ್ ಕಲಿತು ಬಂದು, ಸಿಂಧನೂರಿನ ಒಂದು ಹೆರಿಗೆ ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿದ್ದೆ. ಊರಲ್ಲಿ ಆಗ ಕಂಪ್ಯೂಟರ್ ನೋಡಿದವರೇ ಕಡಿಮೆ. ಅದನ್ನಿಟ್ಟ ಕೋಣೆಗೆ ಚಪ್ಪಲಿ ಬಿಟ್ಟು ಬರಬೇಕಿತ್ತು. ಬಸುರಿಯರು ಬಾಗಿಲಲ್ಲೇ ನಿಂತು ಅದಕ್ಕೆ ಕೈಮುಗಿದು ಹೋಗುತ್ತಿದ್ದರು. ಆ ನಮಸ್ಕಾರದಲ್ಲಿ ಅರ್ಧ ನನಗೆ ಸೇರಿದ್ದು ಎಂದೇ ನಾನು ತಿಳಿದುಕೊಂಡಿದ್ದೆ. ಜನ ನನ್ನನ್ನು ‘ಕಂಪ್ಯೂಟರಮ್ಮ’ ಎಂದು ಕರೆದಾಗಲೆಲ್ಲ ಒಂದು ಗೇಣು ಉಬ್ಬುತ್ತಿದ್ದೆ.

ನಮ್ಮ ಡಾಕ್ಟರಮ್ಮ ನನಗೊಂದು ಕೆಲಸ ಹೇಳಿದ್ದರು. ಬಸುರಿಯ ಕೊನೆಯ ಮುಟ್ಟಿನ ತಾರೀಖು ಕೊಟ್ಟರೆ ಹೆರಿಗೆ ಯಾವತ್ತು, ಇವತ್ತಿಗೆ ಎಷ್ಟು ವಾರ ತುಂಬಿತು, ಯಾವಾಗ ಬಂದು ಸೇರಬೇಕು ಎನ್ನುವುದೆಲ್ಲ ಒಂದು ಕಾರ್ಡಿನಲ್ಲಿ ಅಚ್ಚಾಗಿ ಬರಬೇಕು. “ಇನ್ನೂರ ಎಂಬತ್ತು ದಿನ ಕೂಡಿಸವಾ, ಅಷ್ಟ” ಅಂದಿದ್ದರು.

ತಾರೀಖಿಗೆ ದಿನ ಕೂಡಿಸುವುದು ಹೇಳಿದಷ್ಟು ಸುಲಭವಲ್ಲ. ಒಂದು ತಿಂಗಳಿಗೆ ಮೂವತ್ತು ದಿನ, ಇನ್ನೊಂದಕ್ಕೆ ಮೂವತ್ತೊಂದು, ಫೆಬ್ರವರಿಯದು ಅದರದೇ ದರ್ಬಾರು. ಆದರೆ ನಾನು ಕಲಿತಿದ್ದ ಕಂಪ್ಯೂಟರ್ ಭಾಷೆಗೆ ಇದೆಲ್ಲ ಗೊತ್ತಿತ್ತು. ಈ ತಾರೀಖಿಗೆ ಇನ್ನೂರ ಎಂಬತ್ತು ಕೂಡಿಸು ಎಂದು ಒಂದು ಸಾಲು ಬರೆದರೆ ಉತ್ತರ ಬಂದೇ ಬಿಡುತ್ತಿತ್ತು. ಇದ್ದದ್ದು ಒಂದೇ ತೊಡಕು. ಮೇ ಇಪ್ಪತ್ತೈದನ್ನು 25-5 ಎಂದು ಕೊಟ್ಟರೆ ಅದು ಒಪ್ಪುತ್ತಿರಲಿಲ್ಲ. ಯಾಕೆಂದು ಯೋಚಿಸುವ ತಾಳ್ಮೆ ನನಗೆಲ್ಲಿತ್ತು? ‘ಒಪ್ಪದಿದ್ದರೆ ದಿನ, ತಿಂಗಳು ಅದಲುಬದಲು ಮಾಡಿ ಮತ್ತೆ ಕೊಡು’ ಎಂದು ಇನ್ನೊಂದು ಸಾಲು ಸೇರಿಸಿದೆ. ಒಪ್ಪಿತು. ಇಪ್ಪತ್ತೈದು, ಹದಿನೆಂಟು, ಮೂವತ್ತು ಎಂದು ನಾಲ್ಕಾರು ತಾರೀಖು ಹಾಕಿ ನೋಡಿದೆ, ಎಲ್ಲ ಸರಿ ಬಂತು. ನನ್ನಷ್ಟು ಜಾಣೆ ಈ ತಾಲೂಕಿನಲ್ಲಿಲ್ಲ ಎಂದುಕೊಂಡು ಆ ದಿನವೇ ಕಾರ್ಡು ಕೊಡಲು ಶುರುಮಾಡಿದೆ.

ಎಂಟು ತಿಂಗಳು ಹೀಗೇ ನಡೆಯಿತು. ನಡುವೆ ಯಾರದಾದರೂ ತಾರೀಖು ಹೊಂದದಿದ್ದರೆ, ಬಸುರಿಯೇ ದಿನ ಮರೆತು ಹೇಳಿದ್ದಾಳೆ ಎಂದುಕೊಳ್ಳುತ್ತಿದ್ದೆ. ಆ ಗುರುವಾರ ಬೆಳಗ್ಗೆ ಮಸ್ಕಿ ಕಡೆಯ ಹಳ್ಳಿಯೊಂದರಿಂದ ದುರುಗಮ್ಮ ಎಂಬ ಹೆಂಗಸು ಮಗಳು ಹುಲಿಗೆಮ್ಮನನ್ನು ಕರೆದುಕೊಂಡು ಬಂದಳು. ಐವತ್ತೈದು ದಾಟಿರಬೇಕು, ಕಡ್ಡಿಯಂತಹ ಮೈ, ಗಂಟಲು ಮಾತ್ರ ಗಟ್ಟಿ. ಮಗಳನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿ, ಕಾರ್ಡು ತಂದು ನನ್ನ ಮುಂದೆ ಹಿಡಿದಳು.

“ಯವ್ವಾ, ಇದರಾಗ ಏನ್ ಬರದೈತಿ ಓದು.”

“ಹೆರಿಗೆ ಮಾರ್ಚ್ ಹನ್ನೆರಡಕ್ಕ. ಫೆಬ್ರವರಿ ಇಪ್ಪತ್ತಾರಕ್ಕ ಬಂದು ಸೇರಬೇಕು. ಇನ್ನೂ ತಿಂಗಳೈತಿ, ಈಗ್ಯಾಕ ಬಂದಿ?”

“ನಮ್ಮೂರ ಮಾಸ್ತರನೂ ಹಂಗ ಓದಿದ. ಗಲತ್ ಐತಿ ಇದು. ನನ್ನ ಮಗಳಿಗೆ ನಿನ್ನಿಗೆ ಮೂವತ್ತೆಂಟು ಸಂತಿ ಆದವು. ಎರಡು ವಾರ ಮೊದಲ ಕರ್ಕೊಂಡು ಬಾ ಅಂತ ಡಾಕ್ಟರಮ್ಮಾರು ಹೇಳಿದ್ರು. ಬಂದೀನಿ.”

ಹಾಗೆ ಹೇಳಲು ಕಾರಣವಿತ್ತು. ಹುಲಿಗೆಮ್ಮನ ಮೊದಲ ಹೆರಿಗೆಯಲ್ಲಿ ಎರಡು ದಿನ ಮನೆಯಲ್ಲೇ ನೋವು ತಿನ್ನಿಸಿ, ಕಡೆಗೆ ಹೊಟ್ಟೆ ಕೊಯ್ದು ತೆಗೆದಾಗ ಕೂಸು ಉಳಿದಿರಲಿಲ್ಲ. ಈ ಸಲ ನೋವು ಶುರುವಾಗುವ ಮೊದಲೇ ಆಪರೇಷನ್ ಆಗಬೇಕು, ಇಲ್ಲದಿದ್ದರೆ ಹಳೆಯ ಹೊಲಿಗೆ ಹರಿದು ತಾಯಿಯೂ ಉಳಿಯುವುದಿಲ್ಲ ಎಂದು ಡಾಕ್ಟರಮ್ಮ ಖಡಾಖಂಡಿತ ಹೇಳಿದ್ದರು. ದೂರದ ದಾರಿ ಎಂದು ನಡುವೆ ಒಂದೇ ಸಲ ಆಸ್ಪತ್ರೆಗೆ ಬಂದಿದ್ದರು.

ಇಷ್ಟೆಲ್ಲ ಗೊತ್ತಿದ್ದೂ ನಾನು ನಕ್ಕೆ. “ಯಮ್ಮಾ, ಇದು ಕಂಪ್ಯೂಟರ್ ಹಾಕಿದ ಲೆಕ್ಕ, ತಪ್ಪಂಗಿಲ್ಲ. ನೀನ ಎಲ್ಲೋ ಸಂತಿ ಎರಡೆರಡು ಸಲ ಎಣಿಸೀದಿ.”

“ಒಂದಲ್ಲ, ನಾಲ್ಕು ಸಂತಿ ಫರಕ್ ಬರತೈತಿ. ನಾಲ್ಕು ಸಂತಿ ಹೆಂಗ ತಪ್ಪತೀನಿ? ಸಂತ್ಯಾಗ ಹುಣಸಿಹಣ್ಣು ಮಾರಿ ಹೊಟ್ಟಿ ಹೊರಿಯಾಕಿ ನಾನು.” ಸೊಂಟದ ಚೀಲ ಬಿಚ್ಚಿ ನನ್ನ ಮೇಜಿನ ಮೇಲೆ ಸುರಿದಳು. ಹುಣಸೆ ಬೀಜ! ಮಗಳು ಕಡೆಯ ಸಲ ಮುಟ್ಟಾದದ್ದು ಅವರೂರ ಸಂತೆಯ ದಿನ, ಬುಧವಾರ. ಮುಂದಿನ ಬುಧವಾರದಿಂದ ಸಂತೆಗೊಂದು ಬೀಜ ಚೀಲಕ್ಕೆ ಹಾಕುತ್ತ ಬಂದಿದ್ದಳು. ಒಂದೆರಡು ಬೀಜ ಉರುಳಿ ಕೀಬೋರ್ಡಿನ ಸಂದಿಗೆ ಹೋದವು. ನನಗೆ ಮೈ ಉರಿಯಿತು.

“ತಗೀ ಇದನ್ನೆಲ್ಲ! ಡಾಕ್ಟರಮ್ಮ ಆಪರೇಷನ್‌ದಾಗ ಅದಾರ. ಹನ್ನೊಂದಕ್ಕ ಮಸ್ಕಿ ಬಸ್ಸೈತಿ, ಸುಮ್ನ ಊರಿಗೆ ಹೋಗು.”

ಅವಳು ಅಲ್ಲಾಡಲಿಲ್ಲ. ಕಂಪ್ಯೂಟರಿನ ಕಡೆ ಒಮ್ಮೆ ನೋಡಿ, “ನಿನ್ನ ಮಷೀನು ಎಷ್ಟು ಹಡದೈತಿ ಕೇಳವಾ ಅದನ್ನ” ಅಂದಳು. ಸಾಲಿನಲ್ಲಿ ಕೂತಿದ್ದ ಬಸುರಿಯರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. “ನಾ ಆರು ಹಡದೀನಿ. ಆರೂ ನಲವತ್ತನೇ ಸಂತಿಗೆ ಬಂದಾವ. ಎರಡು ದಿನ ಹಿಂದ, ಎರಡು ದಿನ ಮುಂದ, ಅಷ್ಟ. ನಮ್ಮವ್ವಂದೂ ಇದ ಲೆಕ್ಕ, ಆಕಿ ಅವ್ವಂದೂ ಇದ.”

ನಲವತ್ತು ಸಂತೆ. ಅವಳ ಬಾಯಿ ಮುಚ್ಚಿಸಲೆಂದೇ ಮನಸ್ಸಿನಲ್ಲಿ ಗುಣಿಸಿದೆ. ವಾರಕ್ಕೆ ಏಳು ದಿನ. ನಲವತ್ತು ಏಳಲೆ ಇನ್ನೂರ ಎಂಬತ್ತು!

ನನ್ನ ಮೈಮೇಲಿನ ಕೂದಲು ನಿಮಿರಿದವು. ದಪ್ಪ ದಪ್ಪ ಪುಸ್ತಕ ಓದಿದ ಡಾಕ್ಟರಮ್ಮ ನನಗೆ ಹೇಳಿಕೊಟ್ಟ ಸಂಖ್ಯೆ ಅದು. ನಾನು ದೊಡ್ಡ ಗುಟ್ಟಿನಂತೆ ಪ್ರೋಗ್ರಾಮಿನೊಳಗೆ ಬರೆದಿಟ್ಟಿದ್ದೆ. ಅಕ್ಷರ ಬಾರದ ಈ ಹೆಂಗಸಿನ ಮನೆಯಲ್ಲಿ ಅದು ಅಜ್ಜಿಯ ಕಾಲದಿಂದ ಇತ್ತು. ನಗು ಎಲ್ಲಿ ಹೋಯಿತೋ ಗೊತ್ತಿಲ್ಲ.

ಎದ್ದು ಗೋಡೆಯ ಕ್ಯಾಲೆಂಡರಿನ ಮುಂದೆ ನಿಂತೆ. ಹೊಸದರ ಹಿಂದೆ ಹಳೇ ವರ್ಷದ್ದೂ ತೂಗುತ್ತಿತ್ತು. ನಿನ್ನೆಯ ಬುಧವಾರದಿಂದ ಹಿಂದಕ್ಕೆ ಒಂದೊಂದೇ ಬುಧವಾರದ ಮೇಲೆ ಬೆರಳಿಟ್ಟು ಎಣಿಸುತ್ತ ಹೋದೆ. ದುರುಗಮ್ಮ ಕೀಬೋರ್ಡಿನ ಸಂದಿಯವನ್ನೂ ಹೆಕ್ಕಿಕೊಂಡು, ಪಕ್ಕದಲ್ಲಿ ನಿಂತು ಒಂದೊಂದೇ ಬೀಜ ಚೀಲಕ್ಕೆ ಹಾಕುತ್ತಿದ್ದಳು. ಕೊನೆಯ ಬೀಜಕ್ಕೆ ನನ್ನ ಬೆರಳು ಮೇ ಹದಿಮೂರರ ಮೇಲೆ ನಿಂತಿತು, ಮುಟ್ಟಾದದ್ದು ಅದರ ಹಿಂದಿನ ಬುಧವಾರ, ಮೇ ಆರು. ಓಡಿಹೋಗಿ ನರ್ಸಿನ ರಿಜಿಸ್ಟರ್ ತೆಗೆದೆ. ಅದರಲ್ಲೂ 6-5-92 ಎಂದೇ ಇತ್ತು. ಕಂಪ್ಯೂಟರಿನಲ್ಲಿ ನೋಡಿದರೆ ಅದು ಜೂನ್ ಐದು ಎಂದು ಹಿಡಿದುಕೊಂಡು ಕೂತಿದೆ.

ಆಗ ಹೊಳೆಯಿತು. ಆ ಭಾಷೆ ಅಮೆರಿಕದವರು ಮಾಡಿದ್ದು, ಅವರು ತಿಂಗಳು ಮೊದಲು, ದಿನ ಆಮೇಲೆ ಬರೆಯುವವರು. ಇಪ್ಪತ್ತೈದನೆಯ ತಿಂಗಳು ಎಲ್ಲೂ ಇಲ್ಲವಾದ್ದರಿಂದ ಅದು 25-5ನ್ನು ಒಪ್ಪುತ್ತಿರಲಿಲ್ಲ. ಹನ್ನೆರಡರ ಒಳಗಿನ ತಾರೀಖಾದರೆ ತಕರಾರಿಲ್ಲದೆ ಒಪ್ಪಿ, ದಿನವನ್ನೇ ತಿಂಗಳು ಮಾಡಿಬಿಡುತ್ತಿತ್ತು. ಅದು ಹೇಳಲು ಬಂದದ್ದನ್ನು ಕೇಳದೆ ಬಾಯಿ ಮುಚ್ಚಿಸಿದವಳು ನಾನು.

ಅಷ್ಟರಲ್ಲಿ ಹೊರಗಿನಿಂದ “ಯವ್ವಾ...” ಎಂದು ಹುಲಿಗೆಮ್ಮನ ದನಿ ಬಂತು. ಸೊಂಟ ಹಿಡಿದು ಬೆಂಚಿನಿಂದ ಅರ್ಧ ಜಾರಿದ್ದಳು. ಆಪರೇಷನ್ ಕೋಣೆಯ ಬಾಗಿಲನ್ನು ನಾನು ಬಡಿದ ರಭಸಕ್ಕೆ ಒಳಗಿದ್ದವರು ಬೆಚ್ಚಿಬಿದ್ದರಂತೆ. ಡಾಕ್ಟರಮ್ಮ ಬಂದು ಹೊಟ್ಟೆಯ ಮೇಲೆ ಕೈಯಿಟ್ಟು, ನನ್ನ ಮುಖ ನೋಡದೆ, “ನೋವು ಸುರುವಾಗ್ಯಾವ, ಜಲ್ದಿ ಒಳಗ ತಗೊಳ್ರಿ” ಅಂದರು. ದುರುಗಮ್ಮ ಬಾಗಿಲ ಕಡೆಯೇ ನೋಡುತ್ತ ನಿಂತಿದ್ದಳು. ಮಧ್ಯಾಹ್ನ ಒಂದರ ಸುಮಾರಿಗೆ ಒಳಗಿನಿಂದ ಕೂಸು ಅಳುವುದು ಕೇಳಿತು. ಹೆಣ್ಣು ಮಗು. ತಾಯಿ, ಮಗು ಇಬ್ಬರೂ ಕ್ಷೇಮ.

ನಡೆದದ್ದನ್ನೆಲ್ಲ ನನ್ನ ಬಾಯಿಂದಲೇ ಕೇಳಿ ಡಾಕ್ಟರಮ್ಮ ನನ್ನನ್ನು ಸರಿಯಾಗಿಯೇ ಬೈದರು. “ಆ ಬಸ್ಸು ಹತ್ತಿದ್ರ ಮಸ್ಕಿ ಮುಟ್ಟೂದ್ರೊಳಗ ಹೊಲಿಗಿ ಹರೀತಿತ್ತು. ಎರಡು ಜೀವ! ಗೊತ್ತೈತೇನು?” ಗೊತ್ತಿತ್ತು. ಬಸ್ಸಿಗೆ ಹೋಗು ಎಂದವಳೇ ನಾನಲ್ಲವೇ?

ಸಂಜೆ ದುರುಗಮ್ಮನ ಹತ್ತಿರ ಹೋಗಿ ಕಾಲು ಮುಟ್ಟಿದೆ. ತಪ್ಪು ಮಷೀನಿನದಲ್ಲ, ನನ್ನದು ಎಂದು ಅಳುತ್ತ ಎಲ್ಲ ಹೇಳಿದೆ. ಅವಳು ಮೊಮ್ಮಗಳನ್ನು ತೊಡೆಯ ಮೇಲಿಟ್ಟುಕೊಂಡು ಕೇಳಿಸಿಕೊಂಡಳು. ಆಮೇಲೆ ಕೇಳಿದ್ದು ಒಂದೇ ಮಾತು.

“ನನ್ನ ಮಗಳಿಗೆ ನಾ ಎಣಿಸಿದೆ. ಉಳಿದಾಕಿಯರದು ಹೆಂಗವಾ? ಅವ್ವ ಇಲ್ಲದಾಕಿಗೆ ಯಾರು ಎಣಿಸ್ಯಾರ?”

ಈ ಮಾತು ನನಗಾಗಲಿ ಡಾಕ್ಟರಮ್ಮನಿಗಾಗಲಿ ಹೊಳೆದೇ ಇರಲಿಲ್ಲ. ಕೂಡಲೇ ಎಲ್ಲ ಕಾರ್ಡುಗಳ ನಕಲು ಹರವಿಕೊಂಡು ಕೂತೆ. ಇನ್ನೂ ಹೆರಿಗೆಯಾಗದವರ ಹದಿನೇಳು ಕಾರ್ಡು ತಪ್ಪಿದ್ದವು. ಮರುದಿನದಿಂದ ಬಸ್ಸು ಹತ್ತಿ, ವಿಳಾಸ ಕೇಳಿ ಕೇಳಿ, ತುರ್ವಿಹಾಳ, ಮಸ್ಕಿ, ಲಿಂಗಸುಗೂರು ಎಂದು ಮನೆ ಮನೆ ತಿರುಗಿ ತಾರೀಖು ತಿದ್ದಿದೆ. ಕಾರ್ಡಿಗಿಂತ ಮೊದಲೇ ಹೆರುವವರ ಮನೆಗೆ ಮೊದಲು ಹೋದೆ. ನಿಜವಾದ ತಾರೀಖು ಇನ್ನೂ ಮುಂದಿದ್ದವರಿಗೆ ಅವಸರವಿಲ್ಲ ಎಂದುಕೊಂಡಿದ್ದೆ.

ಅಂಥವಳೊಬ್ಬಳು ಗುರುಗುಂಟಾದ ಅಮರಮ್ಮ. ನರ್ಸು ಬರೆದದ್ದು 5-6, ಅಂದರೆ ಜೂನ್ ಐದು. ಅದನ್ನು ಕಂಪ್ಯೂಟರು ಮೇ ಆರು ಮಾಡಿ, ಫೆಬ್ರವರಿ ಹತ್ತಕ್ಕೆ ಹೆರಿಗೆ ಎಂದು ಕಾರ್ಡು ಕೊಟ್ಟಿತ್ತು. ನಾನು ಹೋಗುವಷ್ಟರಲ್ಲಿ ಹತ್ತು ದಾಟಿ ನಾಲ್ಕು ದಿನವಾಗಿತ್ತು. ತಾಯಿಯಿಲ್ಲದ ಹುಡುಗಿ. ಅತ್ತೆ ಒಲೆಯ ಮೇಲೆ ಕಷಾಯಕ್ಕಿಟ್ಟಿದ್ದಳು.

“ತಾರೀಖು ದಾಟೈತಿ, ಈಕಿಗೆ ನೋವ ಬರವಲ್ದು. ಕುಡಿಸಿ ನೋವು ಬರಸ್ತೀವಿ” ಅಂದಳು ಅತ್ತೆ.

“ಕುಡಿಸಬ್ಯಾಡ್ರಿ! ಇನ್ನೂ ಒಂದು ತಿಂಗಳೈತಿ” ಎಂದು ಕೂಗಿ, ಬಾಗಿಲಲ್ಲೇ ನಿಂತು ನನ್ನ ತಪ್ಪನ್ನೆಲ್ಲ ಹೇಳಿದೆ. ಅತ್ತೆ ಗೊಣಗುತ್ತ ಪಾತ್ರೆ ಕೆಳಗಿಳಿಸಿದಳು. ಮೂಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದ ಅಮರಮ್ಮ ಮೊದಲ ಸಲ ತಲೆಯೆತ್ತಿದಳು. ಅತ್ತೂ ಅತ್ತೂ ಕಣ್ಣು ಬಾತಿದ್ದವು.

“ಹಂಗಾದ್ರ ನಂದೇನೂ ತಪ್ಪಿಲ್ಲೇನ್ರೀ, ಅಕ್ಕಾ?”

“ಇಲ್ಲವಾ, ನಿಂದೇನೂ ತಪ್ಪಿಲ್ಲ. ನಿನ್ನ ಲೆಕ್ಕ ಸರಿ ಐತಿ. ತಪ್ಪಿದಾಕಿ ನಾನು.”

ಅವಳು ನನ್ನ ಕೈ ಹಿಡಿದುಕೊಂಡು ಬಿಡಲೇ ಇಲ್ಲ. ಮಾರ್ಚ್ ಎರಡನೇ ವಾರ ಸಿಂಧನೂರಿಗೆ ಬಂದು ಹೆತ್ತಳು. ಅದಾದ ಮೇಲೂ ನಾನು ಬಹಳ ವರ್ಷ ಅದೇ ಕೆಲಸ ಮಾಡಿದೆ, ಎಷ್ಟೋ ಪ್ರೋಗ್ರಾಮು ಬರೆದೆ. ದುರುಗಮ್ಮನ ಎದುರು ನನಗಾದ ಬೆರಗು ಮತ್ತೆ ಯಾವ ಕಂಪ್ಯೂಟರಿನ ಎದುರೂ ಆಗಲಿಲ್ಲ. ಆದರೆ ಇವತ್ತಿಗೂ ನೆನೆದರೆ ಎದೆ ಹಿಂಡುವುದು ಅಮರಮ್ಮನ ಆ ಪ್ರಶ್ನೆ. ನಾನು ಬರೆದ ಎರಡು ಸಾಲು ನಂಬಿ, ತನ್ನ ಮೈಯೇ ಸುಳ್ಳು ಹೇಳುತ್ತಿದೆ ಎಂದುಕೊಂಡು, ಆ ಮೂಲೆಯಲ್ಲಿ ಅವಳು ನಾಲ್ಕು ದಿನ ಅತ್ತಿದ್ದಳು.