ಗಾಯರಾಣದ ಕುದುರೆಗಳಿಗೆ ಕಟ್ಟಿದ ಕೆಂಪು ನೂಲು

ಹಿರೇವಡ್ಡಟ್ಟಿಯ ಗಾಯರಾಣದಲ್ಲಿ, ಅಂದರೆ ಊರ ದನಗಳೆಲ್ಲ ಮೇಯುವ ಸರ್ಕಾರಿ ಹುಲ್ಲುಗಾವಲಿನಲ್ಲಿ, ಯಾರವೂ ಅಲ್ಲದ ಏಳು ಗಿಡ್ಡ ಕುದುರೆಗಳಿದ್ದವು. ಕುರಿಗಾರರು ಹೊರೆ ಹೊರಿಸಲು ಸಾಕುತ್ತಿದ್ದಂಥವು. ಗೂಡ್ಸ್ ಗಾಡಿಗಳು ಬಂದ ಮೇಲೆ ಯಾರೋ ಎರಡನ್ನು ಅಲ್ಲೇ ಬಿಟ್ಟು ಹೋಗಿದ್ದರು. ಅವು ಮರಿ ಹಾಕಿ, ಆ ಮರಿಗಳು ಮನುಷ್ಯರನ್ನು ಕಂಡರೆ ಓಡಿಹೋಗುವ ಕಾಡು ಕುದುರೆಗಳೇ ಆಗಿದ್ದವು. ಇನ್ನೂ ಹೆಚ್ಚಾದರೆ ಪೈರು ಉಳಿಯುವುದಿಲ್ಲವೆಂದು ಊರವರು ತಕರಾರು ತೆಗೆದರು. ಪಂಚಾಯಿತಿಯಲ್ಲಿ ಮಾತಾಯಿತು: ಗಂಡು ಕುದುರೆಗಳ ಬೀಜ ತೆಗೆಸುವುದು, ಆಮೇಲೂ ಹೊಲ ಹಾಳಾಯಿತೆಂದು ಯಾರಾದರೂ ದೂರು ಕೊಟ್ಟರೆ ಎಲ್ಲವನ್ನೂ ಲಾರಿಗೆ ತುಂಬಿ ಸಾಗಿಸುವುದು. ಎಲ್ಲಿಗೆ ಎಂದು ಯಾರೂ ಹೇಳಲಿಲ್ಲ. ನಾನೂ ಕೇಳಲಿಲ್ಲ. ಕೇಳದೆ ಮೂರು ದಿನ ಅದನ್ನೇ ಯೋಚಿಸಿದೆ.

ಯೋಚಿಸುವುದೇ ನನ್ನ ಮುಖ್ಯ ಕೆಲಸ. ಸಂಬಳ ಬರುವುದು ಮಾತ್ರ ದನದ ದವಾಖಾನೆಯಲ್ಲಿ ಡಾಕ್ಟರ ಪಕ್ಕ ಸಹಾಯಕನಾಗಿ ನಿಲ್ಲುವುದಕ್ಕೆ.

ಗಂಡು ಕುದುರೆಗಳು ಮೂರು. ದಿನಕ್ಕೊಂದನ್ನು ಹಿಡಿಯಬೇಕು, ಮಂಪರಿನ ಇಂಜೆಕ್ಷನ್ ಕೊಟ್ಟು ಬೀಜ ತೆಗೆಯಬೇಕು. "ಒಮ್ಮೆ ಆದದ್ದಕ್ಕ ಮತ್ತೊಮ್ಮೆ ಚುಚ್ಚಿದ್ರ ಜೀವಕ್ಕ ಬರತೈತಿ. ದೂರದಿಂದ ಕಾಣೂ ಹಂಗ ಒಂದು ಗುರ್ತು ಮಾಡಪಾ," ಎಂದರು ಡಾಕ್ಟರು. ಬಣ್ಣ ಬಳಿದರೆ ಮಳೆಗೆ ತೊಳೆದು ಹೋದೀತು, ಇಲ್ಲವೇ ಕುದುರೆ ನೆಕ್ಕಿ ವಿಷವಾದೀತು ಎಂದೆಲ್ಲ ಹೆದರಿ, ಬೆಟಗೇರಿಯ ನಮ್ಮ ಮನೆಯ ಅಟ್ಟ ಹತ್ತಿದೆ. ಮಗ್ಗ ನಿಂತು ಬಹಳ ದಿನವಾಗಿದ್ದರೂ ಕೆಂಪು ನೂಲಿನ ಲಡಿಗಳು ಹಾಗೇ ಇದ್ದವು.

"ಎಲ್ಲಿಗೆ ಒಯ್ಯಾಕತ್ತೀರಿ ಅದನ್ನ?" ಎಂದಳು ಹೆಂಡತಿ.

"ಕುದುರಿಗೆ ಕಟ್ಟಾಕ."

"ಇಷ್ಟು ವರ್ಷದಾಗ ನನಗೊಂದು ಸೀರಿ ನೇಯಲಿಲ್ಲ. ಈಗ ಕುದುರಿಗೆ ಜಡಿ ಹೆಣೀತಾರಂತ!"

ಮೂರೂ ಕುದುರೆಗಳ ಜೂಲಿಗೆ ನೂಲು ಸೇರಿಸಿ ಹೆಣೆದು, ಹರಿದ ಎಳೆಗೆ ನೇಕಾರರು ಹಾಕುವ ಜಾರದ ಗಂಟು ಹಾಕಿದೆ. ಅಪ್ಪನಿಂದ ನನಗೆ ಸರಿಯಾಗಿ ಬಂದ ವಿದ್ಯೆ ಅದೊಂದೇ. ಕುದುರೆಗಳು ಬದುಕಿದವು, ಗಾಯ ಮಾಯಿತು.

ಎರಡು ವಾರ ಬಿಟ್ಟು ನೋಡಲು ಹೋದರೆ, ಆ ಮೂರರ ಹಣೆಗೂ ಕುಂಕುಮ! ಗಾಯರಾಣದ ಕಲ್ಲಿನ ಮೇಲೆ ರೊಟ್ಟಿ, ಬೆಲ್ಲ; ಅದಕ್ಕೆ ಬಾಯಿ ಹಾಕುವಾಗ ಹಚ್ಚಿದ್ದಿರಬೇಕು. ಜೂಲಿನಲ್ಲಿ ಕೆಂಪು ನೂಲು ಕಂಡವರು, ಯಾರೋ ಹರಕೆ ಹೊತ್ತು ದೇವರಿಗೆ ಬಿಟ್ಟ ಕುದುರೆಗಳೆಂದು ತಿಳಿದಿದ್ದರು. ದಾರಿಯಲ್ಲಿ ಸಿಕ್ಕ ಮುದುಕನೊಬ್ಬ, "ಯಾವ ದೇವರಿಗೆ ಬಿಟ್ಟಾರ್ರಿ?" ಎಂದು ಕೇಳಿದ. ಆಗಲೇ ಖರೆ ಹೇಳಬಹುದಿತ್ತು. ಆದರೆ ಊರವರು ಕುದುರೆಗಳಿಗೆ ಕಲ್ಲು ಹೊಡೆಯುವುದು ನಿಂತಿತ್ತು. ನನ್ನ ತಪ್ಪೊಂದು ಇಷ್ಟು ಚೆನ್ನಾಗಿ ಕೆಲಸ ಮಾಡಿದ್ದು ಅದೇ ಮೊದಲು. ಕೆಮ್ಮು ಬಂದವನಂತೆ ಕೆಮ್ಮಿ ಮುಂದೆ ಹೋದೆ.

ಬೆಲ್ಲದ ರುಚಿ ಹತ್ತಿದ ಕುದುರೆಗಳು ಊರಿಗೆ ಹತ್ತಿರವಾಗುತ್ತ ಬಂದವು. ಗಾಯರಾಣಕ್ಕೆ ಅಂಟಿದ ಮೊದಲ ಹೊಲ ಒಬ್ಬ ಹೆಣ್ಣುಮಗಳದು. ಹೆಸರಿನ ಬೆಳೆ ಕಾಯಿ ಬಿಟ್ಟಿತ್ತು. ಮುಂದಿನ ಸಲ ನಾನು ಹೋದಾಗ ಕುದುರೆಗಳು ಒಳಗೆ ನಿಂತು ಮೇಯುತ್ತಿದ್ದವು. ಆಕೆ ಬದುವಿನ ಮೇಲೆ ನಿಂತು ಅವಕ್ಕೆ ಕೈ ಮುಗಿಯುತ್ತಿದ್ದಳು.

"ಹೊಡೀರಿ ಅಕ್ಕಾರ, ಯಾಕ ನಿಂತೀರಿ?" ಎಂದೆ.

"ದೇವರ ಕುದುರಿಗೆ ಹೆಂಗ ಕೋಲು ಎತ್ತಲ್ರಿ ಅಣ್ಣಾರ? ಇರೂದ ಇದೊಂದು ಹೊಲ, ಅರ್ಧ ತಿಂದು ಹಾಕ್ಯಾವ. ದೂರು ಕೊಟ್ರ ದೇವರ ಮ್ಯಾಲ ಕೊಟ್ಟಂಗ ಆಕ್ಕೈತಿ. ಯಾವ ದೇವರು ಅಂತಾದ್ರೂ ಹೇಳ್ರಿ, ಅವನ್ನಽ ಹೋಗಿ ಕೇಳ್ತೀನಿ."

ಹೇಳಿದರೆ ಆಕೆ ಪಂಚಾಯಿತಿಗೆ ಹೋದಾಳು, ಲಾರಿ ಬಂದೀತು. ಹೇಳದಿದ್ದರೆ ಉಳಿದರ್ಧವೂ ಹೋಗುತ್ತದೆ. ಅರ್ಧ ಬೋಳಾದ ಹೊಲ ನೋಡಿ ಖರೆ ಹೇಳಿಬಿಟ್ಟೆ.

"ಯಾವ ದೇವರವೂ ಅಲ್ರಿ. ಗುರ್ತಿಗೆ ಅಂತ ನಾನಽ ಕಟ್ಟೀನಿ. ನಮ್ಮ ಮನಿ ನೂಲು."

ಆಕೆ ನನ್ನನ್ನೊಮ್ಮೆ, ಕುದುರೆಗಳನ್ನೊಮ್ಮೆ ನೋಡಿದಳು. "ನಾಕು ದಿನ ಆತು, ಇವಕ್ಕ ಅಡ್ಡ ಬೀಳಾಕತ್ತೀನಲ್ಲೋ ಯಣ್ಣಾ!" ಎಂದು ಬದುವಿನ ಮೇಲಿನ ಕೋಲೆತ್ತಿಕೊಂಡು ಒಳಗೆ ನುಗ್ಗಿದಳು.

ದಾರಿಯಲ್ಲಿ ಹೊರಟಿದ್ದ ಅದೇ ಮುದುಕ ನಿಂತು ಕೂಗಿದ: "ಏ ಯವ್ವಾ, ದೇವರ ಕುದುರಿ ಅವು!"

"ದೇವರವ ಆದ್ರ ಗುಡಿ ಮುಂದ ಹೋಗಿ ಮೇಯಲಿ, ಮುತ್ಯಾ! ನನ್ನ ಹೊಲದಾಗೇನು ಪೂಜಾ ಐತಿ?"

ಏಳೂ ಗಾಯರಾಣಕ್ಕೆ ಓಡಿದ ಮೇಲೆ ಆಕೆ ಏದುಸಿರು ಬಿಡುತ್ತ ಬಂದಳು. "ಊರಾಗ ಹೇಳಬ್ಯಾಡ್ರಿ. ಹೇಳಿದ್ರ ನಾಳೆ ಕಲ್ಲು, ನಾಡಿದ್ದು ಲಾರಿ. ಪಾಪ, ಅವಕ್ಕೇನು ಗೊತ್ತು. ಆದ್ರ ನನ್ನ ಹೊಲಕ್ಕ ಬೇಲಿ ಆಗಬೇಕು. ನೂಲು ಕಟ್ಟಿದವರು ನೀವು, ಬೇಲಿನೂ ನೀವಽ ಕಟ್ರಿ."

ಎರಡು ದಿನ ರಜೆ ಹಾಕಿ ಜಾಲಿ ಮುಳ್ಳು ಕಡಿದು ಕಟ್ಟಿದೆ. ಮುಳ್ಳಿಗೆ ನೇಕಾರರ ಗಂಟು ನಡೆಯುವುದಿಲ್ಲವೆಂದು ಗೊತ್ತಾಯಿತು. ಆಕೆ ಬದುವಿನ ಮೇಲೆ ಕುಳಿತು, "ಅಲ್ಲಿ ಕಿಂಡಿ ಐತಿ ನೋಡ್ರಿ, ಅಲ್ಲಲ್ಲ, ಇತ್ತಾಗ," ಎನ್ನುತ್ತಿದ್ದಳು. ಎರಡನೆಯ ದಿನ ಸಂಜೆ ಕುದುರೆಗಳು ಬಂದವು. ಬೇಲಿಗುಂಟ ನಡೆದು, ಎಲ್ಲೂ ದಾರಿ ಸಿಗದೆ, ಗಾಯರಾಣದ ಹುಲ್ಲಿಗೆ ಬಾಯಿ ಹಾಕಿದವು.

"ಇಷ್ಟ ಆತು ನೋಡ್ರಿ," ಎಂದು ಆಕೆ ಸೀರೆ ಕೊಡವಿಕೊಂಡು ಮನೆಗೆ ಹೊರಟಳು.

ನಾನು ಇನ್ನೂ ಸ್ವಲ್ಪ ಹೊತ್ತು ಪಕ್ಕದ ಹೊಲ ನೋಡುತ್ತ ನಿಂತಿದ್ದೆ. ಅದಕ್ಕೆ ಬೇಲಿ ಇರಲಿಲ್ಲ.